ಪುಸ್ತಕದ ಕ್ರಿಕೆಟ್ಟೂ ದಾಂಡಿಗನ ಸ್ವಭಾವವೂ

ಚೌಕಾಬಾರದ ಕವಡೆಗೆ ತನ್ನನ್ನು ಎಸೆಯುವ ಕೈ ಯಾರದೆಂಬುದು ತಿಳಿಯದು. ಅಜ್ಜಿ ಎಸೆದರೂ ಮೊಮ್ಮಗಳು ಎಸೆದರೂ ಅದರ ನಡತೆ ಒಂದೇ. ನಮ್ಮ ಮಕ್ಕಳು ವಿರಾಮದ ವೇಳೆಯಲ್ಲಿ ಆಡುವ ‘ಬುಕ್ ಕ್ರಿಕೆಟ್’ ಎಂಬುದೂ ಇದೇ ಜಾತಿಗೆ ಸೇರಿದುದು. ಕೊಯಮತ್ತೂರಾಗಲಿ ತಿರುಪ್ಪೂರಾಗಲಿ, ಮಳೆ ಬಂದು ಮೈದಾನವು ಕೆಸರಾದ ದಿನ ಹಿಂದಿನ ಬೆಂಚಿನಲ್ಲಿ ಈ ಆಟವು ಆರಂಭವಾಗುವುದು. ಒಬ್ಬನು ಕೋವೈ ಕಿಂಗ್ಸ್, ಎದುರಿನವನು ತಿರುಪ್ಪೂರು ತಮಿಳನ್ಸ್. ತಂದೆತಾಯಂದಿರಲ್ಲಿ ಅನೇಕರು ಇದನ್ನು ಬರಿಯ ಕಾಲಹರಣವೆಂದು ಭಾವಿಸಿರುವರು. ನಾವು ಹಾಗೆ ಹೇಳಲಾರೆವು. ಪಾಠದ ನಡುವೆ ಆಡಿದರೆ ಪುಸ್ತಕವನ್ನು ಕಿತ್ತುಕೊಳ್ಳುವೆವು, ಅದು ಬೇರೆ ಮಾತು.

ಆಟವನ್ನರಿಯದವರಿಗಾಗಿ ಎರಡು ಮಾತು. ಕಣ್ಣು ಮುಚ್ಚಿ ಪುಸ್ತಕವನ್ನು ತೆರೆಯಬೇಕು. ಎಡಪುಟದ ಸಂಖ್ಯೆಯ ಕೊನೆಯ ಅಂಕವೇ ಆ ಚೆಂಡಿಗೆ ದೊರೆತ ರನ್ನು. ಎಡಪುಟದ ಸಂಖ್ಯೆಯು ಯಾವಾಗಲೂ ಸಮಸಂಖ್ಯೆಯಾದುದರಿಂದ 0, 2, 4, 6, 8 ಎಂಬ ಐದು ಅಂಕಗಳು ಮಾತ್ರ ಬರಬಲ್ಲವು. 0 ಬಂದರೆ ದಾಂಡಿಗನು ಔಟಾದನು. 8ರ ವಿಷಯದಲ್ಲಿ ತರಗತಿಗೊಂದು ಕಾನೂನುಂಟು. ಅದನ್ನು 1 ರನ್ನೆಂದು ಎಣಿಸುವ ಪದ್ಧತಿಯನ್ನು ನಾವು ಇಲ್ಲಿ ಹಿಡಿಯೋಣ. ಐದು ಸಲ ತೆರೆದರೆ ಸರಾಸರಿಯಲ್ಲಿ ಒಂದು ಸಲ ಔಟು. ಉಳಿದ ನಾಲ್ಕು ಸಲ 2, 4, 6 ಮತ್ತು 1. ಕೂಡಿದರೆ 13. ಎಂದರೆ ಪ್ರತಿಯೊಬ್ಬ ದಾಂಡಿಗನ ಸರಾಸರಿಯೂ 13, ಹತ್ತು ವಿಕೆಟ್ಟಿಗೆ 130. ಮೊದಲನೆಯವನಿಗೂ ಹನ್ನೊಂದನೆಯವನಿಗೂ ಭೇದವಿಲ್ಲ. ಪಟ್ಟಿಯಲ್ಲಿ ಬರೆದ ಹೆಸರು ಅಲಂಕಾರ ಮಾತ್ರ. (ಈ ಆಟದಲ್ಲಿ ಒಲವೇನಾದರೂ ಇದ್ದರೆ ಅದು ಪುಸ್ತಕಕ್ಕೆ. ಬೆನ್ನು ಮುರಿದ ಪಠ್ಯಪುಸ್ತಕವು ಮುರಿದಲ್ಲಿಯೇ ತೆರೆದುಕೊಳ್ಳುವುದು. ಆ ಪುಟವು 46 ಆಗಿದ್ದರೆ ಅದರ ಒಡೆಯನಿಗೆ ಗೆಳೆಯರು ಬಹಳ.)

ನಿಜವಾದ ದಾಂಡಿಗರಿಗೆ ಸ್ವಭಾವವೆಂಬುದುಂಟು. ಬೆಂಗಳೂರಿನ ರಾಹುಲ್ ದ್ರಾವಿಡರು 1996ರಿಂದ 2012ರವರೆಗೆ ಟೆಸ್ಟ್ ಪಂದ್ಯಗಳಲ್ಲಿ 31,258 ಚೆಂಡುಗಳನ್ನು ಎದುರಿಸಿ 13,288 ರನ್ನು ಗಳಿಸಿದರು. ಔಟಾದುದು 254 ಸಲ. ವೀರೇಂದ್ರ ಸೆಹವಾಗರು 10,441 ಚೆಂಡುಗಳಲ್ಲಿ 8,586 ರನ್ನು ಗಳಿಸಿದರು. ಔಟಾದುದು 174 ಸಲ. ಭಾಗಿಸಿ ನೋಡಿದರೆ ಒಬ್ಬರ ಸರಾಸರಿ 52, ಇನ್ನೊಬ್ಬರದು 49, ಹೆಚ್ಚುಕಡಿಮೆ ಸಮಾನ. ಆದರೆ ದ್ರಾವಿಡರು ಔಟಾಗುವುದು ಸುಮಾರು 123 ಚೆಂಡುಗಳಿಗೊಮ್ಮೆ, ಸೆಹವಾಗರು 60 ಚೆಂಡುಗಳಿಗೊಮ್ಮೆ. 2008ರಲ್ಲಿ ಚೆನ್ನೈಯಲ್ಲಿ ದಕ್ಷಿಣ ಆಫ್ರಿಕದ ಎದುರು ಒಂದೇ ಇನ್ನಿಂಗ್ಸಿನಲ್ಲಿ ಸೆಹವಾಗರು 304 ಚೆಂಡುಗಳಿಗೆ 319 ಹೊಡೆದರು, ದ್ರಾವಿಡರು ತಮ್ಮ ನಡಿಗೆಯಲ್ಲಿಯೇ 111 ಗಳಿಸಿದರು.

ಈ ಸ್ವಭಾವವನ್ನು ಆಟದೊಳಗೆ ತರುವುದು ಕಷ್ಟವಲ್ಲ. ಬನಿಯನ್ ಪೆಟ್ಟಿಗೆಯ ರಟ್ಟು ನಮ್ಮ ಊರುಗಳಲ್ಲಿ ಯಾರ ಮನೆಯಲ್ಲಿ ಇಲ್ಲ? ಅದರಿಂದ ಪ್ರತಿ ದಾಂಡಿಗನಿಗೆ ಇಪ್ಪತ್ತು ಚೀಟಿಗಳನ್ನು ಕತ್ತರಿಸಿ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿರಿ. ಒಂದು ಚೀಟಿಯೆಂದರೆ ಆರು ಚೆಂಡು. ತೆಗೆದುದನ್ನು ಮರಳಿ ಹಾಕಬೇಕು. ದ್ರಾವಿಡರ ಡಬ್ಬಿಯಲ್ಲಿ ‘ಔಟ್’ ಚೀಟಿ ಒಂದು. ಉಳಿದ 19 ಚೀಟಿಗಳ ರನ್ನುಗಳನ್ನು ಕೂಡಿದರೆ 52 ಆಗಬೇಕು. ಸೆಹವಾಗರ ಡಬ್ಬಿಯಲ್ಲಿ ‘ಔಟ್’ ಎರಡು. ಉಳಿದ 18ರ ಮೊತ್ತ 98. ಈಗ ಸರಾಸರಿಯು ತಾನಾಗಿಯೇ 52 ಮತ್ತು 49ಕ್ಕೆ ಬಂದು ನಿಲ್ಲುವುದು. ಬೇಕಾದವರು ಮುನ್ನೂರು ಸಲ ತೆಗೆದು ಪರೀಕ್ಷಿಸಲಿ.

ಇನ್ನು ಪಂದ್ಯವನ್ನು ಕಟ್ಟಿರಿ. ಸೋಲನ್ನು ತಪ್ಪಿಸಲು ಇಪ್ಪತ್ತು ಚೀಟಿಗಳ ಕಾಲ ಒಬ್ಬನು ನಿಲ್ಲಬೇಕಾಗಿದೆ ಎನ್ನೋಣ. ದ್ರಾವಿಡರ ಡಬ್ಬಿಯು ನೂರರಲ್ಲಿ ಸುಮಾರು 36 ಸಲ ನಿಲ್ಲುವುದು, ಸೆಹವಾಗರದು 12 ಸಲ ಮಾತ್ರ. ಮೂರೇ ಚೀಟಿಗಳು ಉಳಿದು 13 ರನ್ನು ಬೇಕಾದಾಗಲೋ? ಸೆಹವಾಗರ ಡಬ್ಬಿಯಿಂದ ಸರಾಸರಿ ಅಷ್ಟೇ ಬರುವುದು, ದ್ರಾವಿಡರದರಿಂದ 7. ಅಳತೆ ಒಂದೇ ಆದರೂ ಫಲ ಬೇರೆ. ಹೊಸದಾಗಿ ಬಂದ ದಾಂಡಿಗನು ಬೇಗ ಔಟಾಗುವ ಅಪಾಯ ಹೆಚ್ಚೆಂಬುದನ್ನು ನಮ್ಮ ಡಬ್ಬಿ ಅರಿಯದು. ಅದನ್ನು ಸೇರಿಸುವ ಉಪಾಯವನ್ನು ಮೇಲಿನ ತರಗತಿಯವರು ಯೋಚಿಸಬಹುದು.

ಅಂಕಪಟ್ಟಿಯನ್ನು ಹಿಡಿದು ನಮ್ಮ ಬಳಿಗೆ ಬರುವ ತಂದೆಯೂ ಕೇಳುವುದು ಸರಾಸರಿಯನ್ನೇ. ಎರಡು ವಿಷಯಗಳಲ್ಲಿಯೂ 60 ಪಡೆದ ಹುಡುಗಿಗೂ, ಗಣಿತದಲ್ಲಿ 90, ಭಾಷೆಯಲ್ಲಿ 30 ಪಡೆದ ಹುಡುಗನಿಗೂ ಸರಾಸರಿ 60. ಆದರೆ ಪ್ರತಿ ವಿಷಯದಲ್ಲಿ 35 ಬೇಕೆನ್ನುವ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವಳು ತೇರ್ಗಡೆ, ಅವನು ಅನುತ್ತೀರ್ಣ. ಆ ಹುಡುಗನಿಗೆ ಬೇಕಾದುದು ಬೈಗುಳವಲ್ಲ, ದಿನಕ್ಕೆ ಅರ್ಧ ಗಂಟೆ ಭಾಷೆಯ ಓದು.

ಅಮೆರಿಕದವರು ತಮ್ಮ ಬೇಸ್‌ಬಾಲಿಗೆ ಈ ವಿದ್ಯೆಯನ್ನು ಬಹಳ ಹಿಂದೆಯೇ ಹೂಡಿದರು. ದಾಳಗಳಿಂದ ಆಡುವ ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಆಟವನ್ನು ಹಾಲ್ ರಿಚ್‌ಮನ್ ಎಂಬವರು 1961ರಲ್ಲಿ ಮಾರಾಟಕ್ಕೆ ತಂದರು. ಅದನ್ನು ಮೊದಲು ಯೋಚಿಸಿದಾಗ ಅವರಿಗೆ ಹನ್ನೊಂದು ವಯಸ್ಸು! ಪ್ರತಿ ಆಟಗಾರನಿಗೂ ಒಂದು ಕಾರ್ಡು. ಮೊದಲ ದಾಳದಲ್ಲಿ 1, 2, 3 ಬಿದ್ದರೆ ದಾಂಡಿಗನ ಕಾರ್ಡನ್ನೂ, 4, 5, 6 ಬಿದ್ದರೆ ಚೆಂಡೆಸೆಯುವವನ ಕಾರ್ಡನ್ನೂ ನೋಡಬೇಕು. ಇನ್ನೆರಡು ದಾಳಗಳ ಮೊತ್ತವು ಫಲವನ್ನು ತಿಳಿಸುವುದು. 36 ಬಗೆಗಳಲ್ಲಿ ಮೊತ್ತ 7 ಬರುವುದು ಆರು ಬಗೆ, 2 ಬರುವುದು ಒಂದೇ ಬಗೆ. ಆದುದರಿಂದ 7ರ ಎದುರು ಏನನ್ನು ಬರೆದಿದೆ ಎಂಬುದರಲ್ಲಿಯೇ ದಾಂಡಿಗನ ಸ್ವಭಾವದ ಬಹುಭಾಗ ಅಡಗಿರುವುದು.

ಸ್ವಭಾವವು ಎಷ್ಟು ಹೊಡೆಯುವನೆಂಬುದರಲ್ಲಷ್ಟೇ ಅಲ್ಲ, ಯಾವ ಕಡೆಗೆ ಹೊಡೆಯುವನೆಂಬುದರಲ್ಲಿಯೂ ಉಂಟು. ಬಾಸ್ಟನ್ನಿನ ಎಡಗೈ ದಾಂಡಿಗ ಟೆಡ್ ವಿಲಿಯಮ್ಸ್ ಚೆಂಡನ್ನು ಬಹುಮಟ್ಟಿಗೆ ಬಲಕ್ಕೇ ಎಳೆಯುತ್ತಿದ್ದನು. 1946ರ ಜುಲೈಯಲ್ಲಿ ಕ್ಲೀವ್‌ಲೆಂಡ್ ತಂಡದ ನಾಯಕ ಲೂ ಬೂಡ್ರೋ ತನ್ನ ಕ್ಷೇತ್ರರಕ್ಷಕರಲ್ಲಿ ಹೆಚ್ಚಿನವರನ್ನು ಬಲಕ್ಕೆ ಸರಿಸಿ, ಎಡಭಾಗವನ್ನು ಬಹುಪಾಲು ಬರಿದು ಬಿಟ್ಟನು. ಅದೇ ಸೆಪ್ಟೆಂಬರ್ 13ರಂದು ಅದೇ ವ್ಯೂಹದ ಎದುರು ವಿಲಿಯಮ್ಸ್ ಚೆಂಡನ್ನು ಎಡಕ್ಕೆ ಹೊಡೆದು, ಅದು ಬೇಲಿಯತ್ತ ಉರುಳುತ್ತಿರಲು ನಾಲ್ಕೂ ನೆಲೆಗಳನ್ನು ಸುತ್ತಿ ಬಂದನು. ಪಂದ್ಯದ ಏಕೈಕ ರನ್ನು ಅದೇ. ಬಾಸ್ಟನ್ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಅವನ 521 ಹೋಮ್ ರನ್ನುಗಳಲ್ಲಿ ಚೆಂಡು ಮೈದಾನದೊಳಗೇ ಉಳಿದುದು ಅದೊಂದೇ. ಇಪ್ಪತ್ತು ಚೀಟಿಗಳ ನಮ್ಮ ಡಬ್ಬಿಯಲ್ಲಿ ಅಂಥದಕ್ಕೆ ಸ್ಥಳವಿಲ್ಲ. ಐನೂರಿಪ್ಪತ್ತೊಂದು ಚೀಟಿಗಳನ್ನು ಕತ್ತರಿಸುವ ತಾಳ್ಮೆಯುಳ್ಳವರು ಪ್ರಯತ್ನಿಸಬಹುದು.