ಗುಟ್ಟು ಸೋರಿದ ಕಣಿವೆ

ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಮೌಂಟನ್ ವ್ಯೂ ಊರಿನಲ್ಲಿ ಹಿಂದೆ ‘ವ್ಯಾಗನ್ ವೀಲ್’ ಎಂಬ ಬಾರೊಂದಿತ್ತು. ಸುತ್ತಲಿನ ಚಿಪ್ ಕಂಪನಿಗಳ ಎಂಜಿನಿಯರುಗಳು ಸಂಜೆ ಅಲ್ಲಿ ಸೇರುತ್ತಿದ್ದರು. ಹಗಲೆಲ್ಲ ಜಿದ್ದಾಜಿದ್ದಿ, ಕತ್ತಲಾದರೆ ಒಂದೇ ಮೇಜು. ತಯಾರಿಕೆಯಲ್ಲಿ ಎಲ್ಲೋ ಎಡವಟ್ಟಾಗಿ ತಲೆ ಕೆಟ್ಟರೆ ಎದುರಾಳಿ ಕಂಪನಿಯಲ್ಲಿರುವ ಹಳೆಯ ಸಹೋದ್ಯೋಗಿಯನ್ನೇ ಕೇಳುವುದು. ಅವನೂ ಒಂದಿಷ್ಟು ಬಾಯಿ ಬಿಡುತ್ತಿದ್ದ. ನಾಳೆ ತನಗೂ ಇವನ ಗರಜು ಬಿದ್ದೀತಲ್ಲ!

ಈ ಕೊಡು-ಕೊಳ್ಳುವ ನಂಬಿಕೆಗೆ ಸಮಾಜವಿಜ್ಞಾನಿಗಳು ‘ಸಾಮಾಜಿಕ ಬಂಡವಾಳ’ ಎನ್ನುತ್ತಾರೆ. ಮುಯ್ಯಾಳಿಗೆ ಹೋಗಿ ನಾಟಿ ಮಾಡಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಇನ್ನೊಂದು ತುದಿಯಲ್ಲಿ, ಬೋಸ್ಟನ್ ಸುತ್ತಲಿನ 128ನೇ ಹೆದ್ದಾರಿಯ ಗುಂಟವೂ ಕಂಪ್ಯೂಟರ್ ಕಂಪನಿಗಳಿದ್ದವು. ಎಂಐಟಿ, ಹಾರ್ವರ್ಡ್ ಎರಡೂ ಹತ್ತಿರ. ದುಡ್ಡಿಗೂ ಬುದ್ಧಿಗೂ ಬರವಿಲ್ಲ. ಆದರೆ ಅಲ್ಲಿ ಎಲ್ಲವೂ ಕಾಂಪೌಂಡಿನ ಒಳಗೇ. ಒಂದು ಕಂಪನಿ ಸೇರಿದವರು ಅಲ್ಲೇ ಬೇರುಬಿಡಬೇಕು, ಗುಟ್ಟು ಹೊರಬೀಳಬಾರದು. 1980ರ ದಶಕದಲ್ಲಿ ಎರಡೂ ಕಡೆಯ ವ್ಯಾಪಾರಕ್ಕೆ ಏಟು ಬಿತ್ತು. ಕಣಿವೆಯವರು ಸಾವರಿಸಿಕೊಂಡು ಹೊಸ ಕಂಪನಿಗಳನ್ನು ಕಟ್ಟಿದರು. ಬೋಸ್ಟನ್ ಕಡೆ ವ್ಯಾಂಗ್ ಕಂಪನಿ 1992ರಲ್ಲಿ ದಿವಾಳಿ ಅರ್ಜಿ ಹಾಕಿತು; ಡಿಜಿಟಲ್ ಇಕ್ವಿಪ್‌ಮೆಂಟ್ 1998ರಲ್ಲಿ ಕಾಂಪ್ಯಾಕ್‌ ಕಂಪನಿಯ ಪಾಲಾಯಿತು. ಎರಡೂ ಪ್ರದೇಶಗಳನ್ನು ತಾಳೆ ಹಾಕಿ ಸಂಶೋಧಕಿ ಆನಾಲೀ ಸ್ಯಾಕ್ಸೇನಿಯನ್ 1994ರಲ್ಲಿ ಬರೆದ ಪುಸ್ತಕ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿತು.

ಹಾಗಾದರೆ ಒಗ್ಗಟ್ಟು ಗಟ್ಟಿಯಿದ್ದಷ್ಟೂ ಒಳ್ಳೆಯದೇ? ಅಲ್ಲ. ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಲೇಖನದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರ ಲೆಕ್ಕ ಕೊಟ್ಟಿದ್ದಾರೆ. ಸುದ್ದಿ ಕೊಟ್ಟವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರದು ಆಗೊಮ್ಮೆ ಈಗೊಮ್ಮೆಯ, ಅಥವಾ ತೀರ ಅಪರೂಪದ ಪರಿಚಯ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತೇ ಇರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ತಮಾಷೆಯೆಂದರೆ ಗ್ರಾನೊವೆಟರ್ ಈ ಮಾಹಿತಿ ಕಲೆಹಾಕಿದ್ದು ಬೋಸ್ಟನ್ನಿನ ಉಪನಗರವೊಂದರಲ್ಲಿ!

ಎಲ್ಲವನ್ನೂ ಬಾರಿನ ಗೆಳೆತನದ ತಲೆಗೆ ಕಟ್ಟುವುದೂ ಸರಿಯಲ್ಲ. ಕೆಲಸ ಬಿಟ್ಟವನು ಎದುರಾಳಿಯನ್ನು ಸೇರಬಾರದೆಂಬ ಕರಾರಿಗೆ ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್‌ನ ಕೋರ್ಟುಗಳು ಬೆಲೆ ಕೊಡುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕರಾರು 1872ರಿಂದಲೇ ಅಸಿಂಧು. ಜನ ಓಡಾಡಿದರೆ ತಾನೇ ಪರಿಚಯ ಹಬ್ಬುವುದು? ಅದೇ 1872ರಲ್ಲಿ ಜಾರಿಗೆ ಬಂದ ನಮ್ಮ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಕೂಡ ಇಂಥ ನಿರ್ಬಂಧವನ್ನು ಅಸಿಂಧು ಎನ್ನುತ್ತದೆ. ಬೆಂಗಳೂರಿನ ಎಂಜಿನಿಯರುಗಳು ಆಫರ್ ಲೆಟರಿಗೆ ಸಹಿ ಹಾಕುವಾಗ ಇದು ನೆನಪಿರಲಿ.