ಭಾರಿ ಯಂತ್ರಗಳ ಕೂಲೆಂಟು ಮತ್ತು ಅದರ ಪಾಲನೆ

ಮಂಗಳೂರಿನ ಬಜಪೆಯಲ್ಲಿ 1951ರಲ್ಲಿ ವಿಮಾನ ನಿಲ್ದಾಣವು ಪ್ರಾರಂಭವಾಯಿತು. 2006ರಲ್ಲಿ ಎರಡನೆಯ ರನ್‌ವೇಯು ಬಳಕೆಗೆ ಬಂದಿತು. ಗುಡ್ಡವನ್ನು ಕಡಿದು ತಗ್ಗನ್ನು ತುಂಬುವ ಇಂತಹ ಕಾರ್ಯವು ಭಾರಿ ಯಂತ್ರಗಳಿಂದ ನಡೆಯತಕ್ಕದ್ದು. ಆ ಜಾತಿಯ ಯಂತ್ರಗಳೇ ಈಗ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಅಡಕೆ ತೋಟಗಳಿಗೆ ನೆಲವನ್ನು ಸಮಮಾಡುತ್ತವೆ. ಜೂನ್ ತಿಂಗಳ ಮಳೆ ಹಿಡಿಯುವ ಮುನ್ನ ಕೆಲಸವು ತೀರಬೇಕು. ಬೇಸಗೆಯಲ್ಲಿ ಇಂಜಿನು ಕಾದು ಕೆಟ್ಟು ನಿಂತರೆ ಗಿಡ ನೆಡುವ ಕಾಲವೇ ತಪ್ಪಿಹೋಗುವುದು.

ಹಿಮವೇ ಬೀಳದ ಈ ಸೀಮೆಗೆ ಹಿಮನಿರೋಧಕ ದ್ರವವೇಕೆಂದು ಅನೇಕರು ಕೇಳುವುದುಂಟು. ಎಥಿಲೀನ್ ಗ್ಲೈಕಾಲನ್ನು ಸಮಭಾಗ ನೀರಿನೊಡನೆ ಬೆರೆಸಿದರೆ ಅದು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ಈ ಗುಣವು ಲಡಾಖಿಗೆ ಬೇಕಾದುದು. ಆದರೆ ಅದೇ ಮಿಶ್ರಣವು 100 ಡಿಗ್ರಿಗೆ ಬದಲಾಗಿ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಅದರಲ್ಲಿ ಸೇರಿಸಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಭಾರಿ ಡೀಸೆಲ್ ಇಂಜಿನುಗಳಲ್ಲಿ ಸಿಲಿಂಡರಿನ ಲೈನರು ಅದುರುವಾಗ ಹುಟ್ಟುವ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುತ್ತವೆ. ಈ ಕೇಡನ್ನೂ ಅವು ತಗ್ಗಿಸುತ್ತವೆ. ಇವೆರಡೂ ಕರಾವಳಿಗೆ ಬೇಕಾದ ಗುಣಗಳೇ. ಬರಿಯ ಬಾವಿಯ ನೀರಿಗೆ ಈ ಶಕ್ತಿಯಿಲ್ಲ. ಅದರ ಲವಣಗಳು ಒಳಗೆ ಗಸಿಗಟ್ಟಿ ಉಷ್ಣವು ಹೊರಬೀಳದಂತೆ ಮಾಡುವುವು. ಆದುದರಿಂದ ಬೆರೆಸಲು ಬಟ್ಟಿಯಿಳಿಸಿದ ನೀರನ್ನೇ ಉಪಯೋಗಿಸತಕ್ಕದ್ದು.

ಪ್ರತಿದಿನ ಬೆಳಗ್ಗೆ ಇಂಜಿನು ತಣ್ಣಗಿರುವಾಗ ಕೂಲೆಂಟಿನ ಮಟ್ಟವನ್ನು ನೋಡಬೇಕು. ಕಡಿಮೆಯಾಗಿದ್ದರೆ ಬೆರೆಸಿದ ದ್ರವವನ್ನೇ ಹಾಕಬೇಕು. ಮೇಲಿಂದ ಮೇಲೆ ನೀರು ಸುರಿದರೆ ಅದು ಸಾರಗೆಡುವುದು. ಪದೇ ಪದೇ ಕಡಿಮೆಯಾದರೆ ಸೋರಿಕೆಯನ್ನು ಹುಡುಕಿಸಬೇಕು. ರೇಡಿಯೇಟರಿನ ಸಂದುಗಳಲ್ಲಿ ಕೂರುವ ಕೆಮ್ಮಣ್ಣಿನ ಧೂಳನ್ನು ಆಗಾಗ ತೆಗೆಯಿಸಬೇಕು. ಬಿಸಿಯಿರುವಾಗ ಮುಚ್ಚಳವನ್ನು ತೆರೆದರೆ ಆವಿಯು ಚಿಮ್ಮಿ ಮೈ ಬೇಯುವುದು. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಎರಕದ ಲೋಹವು ಬಿರಿಯಬಹುದು. ಕೂಲೆಂಟಿನ ಜಾತಿಯನ್ನೂ ಬದಲಾಯಿಸುವ ಅವಧಿಯನ್ನೂ ಯಂತ್ರದ ಕೈಪಿಡಿಯಂತೆ ಅನುಸರಿಸಬೇಕು. ಬಣ್ಣವೊಂದನ್ನೇ ನಂಬಿ ಬೇರೆ ಜಾತಿಯನ್ನು ಬೆರೆಸಬಾರದು.

ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ನಾಯಿಯಾಗಲಿ ದನಕರುವಾಗಲಿ ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯಬಹುದು. ಮಕ್ಕಳಿಗೂ ಅದೇ ಅಪಾಯ. ಹಳೆಯ ದ್ರವವನ್ನು ತೋಡಿಗಾಗಲಿ ಬಾವಿಯ ಬಳಿಯಾಗಲಿ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ಗುರುತು ಬರೆದು ತುಂಬಿಸಿ, ವಿಲೇವಾರಿಗೆ ಯಂತ್ರದ ವರ್ಕ್‌ಶಾಪಿಗೆ ಒಪ್ಪಿಸಬೇಕು.

ಯಂತ್ರವು ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಕೆಲಸಕ್ಕೆ ಇಳಿಸುವ ಮೊದಲು ಭೂಮಾಲಿಕರು ಕೂಲೆಂಟನ್ನು ತಮ್ಮೆದುರಿಗೇ ಪರೀಕ್ಷಿಸಿಸುವುದು ಲೇಸು. ಊರಿನ ಮುಖ್ಯಸ್ಥರು ಈ ವಿಷಯವನ್ನು ಎಲ್ಲರಿಗೂ ತಿಳಿಯಪಡಿಸಿದರೆ ಯಂತ್ರವೂ ಉಳಿಯುವುದು, ಜಾನುವಾರುಗಳೂ ಉಳಿಯುವುವು.