ಕಲ್ಲಿದ್ದಲಿನ ವಿದ್ಯುತ್ತು ಮತ್ತು ಅದರ ನಿಜವಾದ ಬೆಲೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿದಂದಿನಿಂದ ಮೈಸೂರು ಸೀಮೆಯ ಉದ್ಯಮಗಳು ಬಹುಕಾಲ ಜಲಶಕ್ತಿಯನ್ನೇ ನೆಚ್ಚಿಕೊಂಡಿದ್ದವು. 1960ರ ದಶಕದಲ್ಲಿ ಶರಾವತಿಯ ಯೋಜನೆಯೂ ಇದೇ ಪರಂಪರೆಯನ್ನು ಮುಂದುವರಿಸಿತು. ಆದರೆ ಮಳೆ ಕೈಕೊಟ್ಟ ವರ್ಷ ಜಲಾಶಯಗಳೊಡನೆ ಕಾರ್ಖಾನೆಗಳೂ ಸೊರಗುತ್ತಿದ್ದವು. ಈ ಪರಾಧೀನತೆಯಿಂದ ಬಿಡುಗಡೆ ಹೊಂದಲೆಂದೇ ಕೃಷ್ಣಾತೀರದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವು ತಲೆಯೆತ್ತಿತು. 210 ಮೆಗಾವಾಟ್ ಸಾಮರ್ಥ್ಯದ ಅದರ ಮೊದಲ ಯಂತ್ರಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು. 2010ರ ವೇಳೆಗೆ ಘಟಕಗಳು 8 ಆಗಿ, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್‌ಗೆ ಏರಿತು. ಈ ಕೇಂದ್ರದ ವೆಚ್ಚವೆಂದರೆ ಏನೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ಕೇಂದ್ರದ ಕಾರ್ಯವಿಧಾನ ತತ್ತ್ವತಃ ಸರಳವಾದುದು. ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು, ಬಿಸಿಗಾಳಿಯೊಡನೆ ಬಾಯ್ಲರಿನ ಕುಲುಮೆಗೆ ಊದುತ್ತಾರೆ. ಕೊಳವೆಗಳಲ್ಲಿ ಹರಿಯುವ ನೀರು ಆ ಶಾಖದಿಂದ ಹಬೆಯಾಗಿ, ಟರ್ಬೈನನ್ನು ತಿರುಗಿಸುತ್ತದೆ. ಅದರೊಡನೆ ವಿದ್ಯುಜ್ಜನಕವೂ ತಿರುಗುತ್ತದೆ. ದುಡಿದ ಹಬೆಯನ್ನು ತಣಿಸಿ, ನೀರಾಗಿಸಿ, ಮರಳಿ ಬಾಯ್ಲರಿಗೆ ಕಳುಹಿಸುತ್ತಾರೆ. ಹೀಗೆ ತಣಿಸುವಾಗಲೇ ಶಾಖದ ಬಹುಭಾಗ ನಷ್ಟವಾಗುತ್ತದೆ. ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲರಿ ಶಾಖಕ್ಕೆ ಸಮ. ಅದನ್ನು ಪಡೆಯಲು ಈ ಗಾತ್ರದ ಘಟಕವು ಸುಮಾರು 2,500 ಕಿಲೋಕ್ಯಾಲರಿಯನ್ನು ವ್ಯಯಿಸುತ್ತದೆ. ಎಂದರೆ, ಉರಿಸಿದ ಮೂರು ಪಾಲಿನಲ್ಲಿ ನಮಗೆ ದಕ್ಕುವುದು ಒಂದೇ ಪಾಲು.

ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿನಿಂದ ಒಂದು ಯೂನಿಟ್ ಪಡೆಯಲು ಕಿಲೋಗ್ರಾಂನ ಮೂರನೆಯ ಎರಡು ಭಾಗ ಬೇಕೆಂದು ಇಟ್ಟುಕೊಳ್ಳೋಣ. ಆಗ 210 ಮೆಗಾವಾಟ್‌ನ ಒಂದೇ ಘಟಕ ಪೂರ್ಣಶಕ್ತಿಯಲ್ಲಿ ನಡೆದರೆ ದಿನಕ್ಕೆ ಸುಮಾರು 3,300 ಟನ್ ಉರಿಯುತ್ತದೆ. ಇದು ಹೆಚ್ಚುಕಡಮೆ ಒಂದು ಗೂಡ್ಸ್ ಗಾಡಿಯ ಹೊರೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ತೆಲಂಗಾಣದ ಸಿಂಗರೇಣಿ ಮೊದಲಾದ ದೂರದ ಗಣಿಗಳಿಂದ ಅದು ರೈಲಿನಲ್ಲಿ ಬರಬೇಕು. ಮಳೆಯ ಹಂಗನ್ನು ತೊರೆಯಲು ಹೊರಟವರು ರೈಲಿನ ಹಂಗಿಗೆ ಒಳಗಾದರು.

ವಿದ್ಯುತ್ತಿನ ಬೆಲೆಯಲ್ಲಿ ಎರಡು ಭಾಗಗಳುಂಟು. ಸಾಲದ ಬಡ್ಡಿ, ಯಂತ್ರಗಳ ಸವಕಳಿ, ನೌಕರರ ವೇತನ ಮುಂತಾದ ಸ್ಥಿರ ವೆಚ್ಚ ಒಂದು; ಕಲ್ಲಿದ್ದಲು ಮತ್ತು ಅದರ ಸಾಗಣೆಯ ಚರ ವೆಚ್ಚ ಇನ್ನೊಂದು. ಯಂತ್ರ ನಿಂತರೂ ಮೊದಲನೆಯದು ನಿಲ್ಲದು. ಇಂದು ಹಗಲಿನಲ್ಲಿ ಸೌರವಿದ್ಯುತ್ತು ಹೇರಳವಾಗಿ ಬರುವಾಗ ಉಷ್ಣಘಟಕಗಳನ್ನು ತಗ್ಗಿಸಿ ನಡೆಸಬೇಕಾಗುತ್ತದೆ. ಆಗ ಸ್ಥಿರ ವೆಚ್ಚವು ಕಡಮೆ ಯೂನಿಟ್‌ಗಳ ಮೇಲೆ ಬೀಳುತ್ತದೆ; ದಕ್ಷತೆಯೂ ಕುಗ್ಗುತ್ತದೆ.

ಲೆಕ್ಕದ ಪುಸ್ತಕದಲ್ಲಿ ಪೂರ್ಣವಾಗಿ ಕಾಣದ ವೆಚ್ಚವೂ ಒಂದುಂಟು. ಉರಿದ ಕಲ್ಲಿದ್ದಲಿನ ಸುಮಾರು ಮೂರನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಅಂದರೆ ಮೇಲೆ ಹೇಳಿದ ಒಂದೇ ಘಟಕದಿಂದ ದಿನಕ್ಕೆ 1,000 ಟನ್ನಿಗೂ ಹೆಚ್ಚು. ಅದನ್ನು ಇಟ್ಟಿಗೆ, ಸಿಮೆಂಟುಗಳಿಗೆ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿ ವಿಧಿಸಿತು. ಗಂಧಕದ ಡೈಆಕ್ಸೈಡ್ ಮೊದಲಾದ ಅನಿಲಗಳಿಗೆ 2015ರಲ್ಲಿ ಮಿತಿ ಗೊತ್ತುಮಾಡಿತು. ಆದರೂ ಬೂದಿಗುಂಡಿಗೆ ಹೋದ ನೆಲ, ನೆರೆಯ ಊರಿನವರು ಉಸಿರಾಡುವ ಧೂಳು, ಇವುಗಳ ಬೆಲೆಯನ್ನು ಕಟ್ಟುವವರಾರು?

ಜಲವಿದ್ಯುತ್ತು ಅಗ್ಗವೆಂದು ಹೊಗಳಿದ ಕಾಲದಲ್ಲಿಯೂ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ನಷ್ಟ ಯೂನಿಟ್ಟಿನ ದರದಲ್ಲಿ ಸೇರಿರಲಿಲ್ಲ. ಆದುದರಿಂದ ಯಾವ ಶಕ್ತಿಯನ್ನೇ ಆಗಲಿ ಅಗ್ಗವೆಂದು ಕರೆಯುವ ಮುನ್ನ, ಉಳಿದ ಬೆಲೆಯನ್ನು ತೆತ್ತವರು ಯಾರೆಂದು ವಿಚಾರಿಸುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.